ಒಂಬೈನೂರ ತೊಂಬತ್ತೇಳನೆಯವನು

ಒಬ್ಬ ಪಾಳೆಯಗಾರನ ಬಳಿ ಒಂಬೈನೂರ ತೊಂಬತ್ತಾರು ಸೈನಿಕರಿದ್ದರು. ಪ್ರತಿ ಆಯುಧಪೂಜೆಯಂದು ಅವರು ಕೋಟೆಯ ಮುಂದೆ ಸಾಲಿಗೆ ಹನ್ನೆರಡು ಜನರಂತೆ ಎಂಬತ್ತಮೂರು ಸಾಲು ನಿಲ್ಲುತ್ತಿದ್ದರು. ಪಾಳೆಯಗಾರ ಮುಂದಿನ ಸಾಲಿನ ಹನ್ನೆರಡು ಕತ್ತಿಗಳಿಗೆ ಕುಂಕುಮ ಹಚ್ಚುತ್ತಿದ್ದ. ಮಿಕ್ಕವಕ್ಕೆ ಅಲ್ಲಿಂದಲೇ ಕೈಮುಗಿಯುತ್ತಿದ್ದ. ಸಾಲುಗಳು ಅಷ್ಟು ಅಚ್ಚುಕಟ್ಟಾಗಿದ್ದುದಕ್ಕೆ ಸೈನ್ಯದ ಮುಖ್ಯಸ್ಥ ದಳವಾಯಿ ರಾಚಪ್ಪನಿಗೆ ವರ್ಷಕ್ಕೊಂದು ಶಾಲು ಸಲ್ಲುತ್ತಿತ್ತು.

ಒಂದು ವರ್ಷ ಕೊಟ್ರಬಸ ಎಂಬವನು ತನ್ನ ಅಪ್ಪನ ಕತ್ತಿ ಹಿಡಿದು ಬಂದ. ಪಾಳೆಯಗಾರ ಅವನನ್ನು ಸೈನ್ಯಕ್ಕೆ ಸೇರಿಸಿಕೊಂಡ. ಆಯುಧಪೂಜೆಯ ಬೆಳಿಗ್ಗೆ ಎಲ್ಲ ಸಾಲುಗಳ ಹಿಂದೆ ಅವನೊಬ್ಬನೇ ಒಂಟಿಯಾಗಿ ನಿಂತಿದ್ದ.

"ಅಪಶಕುನ, ಬುದ್ಧಿ," ಎಂದ ರಾಚಪ್ಪ. "ಇವನನ್ನು ಗಡಿಯಾಚೆ ಅಟ್ಟಿಬಿಡೋಣ."

"ಕೆಲಸ ಕೊಟ್ಟು ಸುಮ್ಮಸುಮ್ಮನೆ ಅಟ್ಟುವುದು ಹೇಗೆ?" ಎಂದ ಪಾಳೆಯಗಾರ. " ಬೇರೆ ರೀತಿ ನಿಲ್ಲಿಸಿ ನೋಡು."

ಇಬ್ಬಿಬ್ಬರಂತೆ ನಿಲ್ಲಿಸಿದರು. ಕೊಟ್ರಬಸ ಉಳಿದ. ಮೂವರಂತೆ, ನಾಲ್ವರಂತೆ, ಆರಾರು ಜನರಂತೆ ನಿಲ್ಲಿಸಿದರು. ಕೊಟ್ರಬಸನೇ ಉಳಿದ. ನೋಡುತ್ತಿದ್ದವರೆಲ್ಲ ದಂಗಾದರು.

"ಬುದ್ಧಿ, ನನ್ನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿ," ಎಂದ ಕೊಟ್ರಬಸ. "ಆಗಲೂ ನಾನೇ ಉಳಿದರೆ ಹೊರಟುಹೋಗುತ್ತೇನೆ."

ಹಾಗೇ ಮಾಡಿದರು. ಈ ಸಲ ಕೊನೆಯಲ್ಲಿ ಉಳಿದವನು ರಾಚಪ್ಪನ ಭಾವಮೈದ.

"ಇವನು ಅಪಶಕುನವಲ್ಲ ಬುದ್ಧಿ," ಎಂದ ರಾಚಪ್ಪ. "ನನ್ನ ಹೆಂಡತಿಯ ತಮ್ಮ."

ಮಕ್ಕಳಿಗೆ ಮಗ್ಗಿ ಕಲಿಸುವ ಅಯ್ಯನವರು ಮುಂದೆ ಬಂದರು. "ತಪ್ಪು ಯಾರದೂ ಅಲ್ಲ, ಇದು ಸಂಖ್ಯೆಯ ಗುಣ. ಒಂಬೈನೂರ ತೊಂಬತ್ತೇಳು ಅವಿಭಾಜ್ಯ. ಮೂವತ್ತೊಂದರವರೆಗೂ ಭಾಗಿಸಿ ನೋಡಿದೆ, ಅದರಾಚೆ ನೋಡುವ ಅಗತ್ಯವೇ ಇಲ್ಲ. ಯಾವುದಕ್ಕೂ ಬಗ್ಗುವುದಿಲ್ಲ. ಯಾರೂ ಉಳಿಯಬಾರದೆಂದರೆ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕು."

"ಒಂದೇ ಸಾಲು ಮಾತ್ರ ಬೇಡ ಬುದ್ಧಿ!" ರಾಚಪ್ಪನ ಮುಖ ಬಿಳುಚಿತು. "ಅಷ್ಟು ದೂರ ನಡೆದರೆ ತಮ್ಮ ಕಾಲು ನೋಯುತ್ತದೆ."

ಸಾಲು ನಿಂತಿತು. ಕೊಟ್ರಬಸ ಮತ್ತೆ ಕೊನೆಗೆ ಹೋದ. ಪಾಳೆಯಗಾರ ಕುಂಕುಮದ ಬಟ್ಟಲು ಹಿಡಿದು ಹೊರಟ. ಹನ್ನೆರಡು ಕತ್ತಿ ಮುಗಿದವು. ಹದಿಮೂರನೆಯದನ್ನು ಮುಟ್ಟಿದರೆ ಬೆರಳಿಗೆ ಬೆಳ್ಳಿ ಬಣ್ಣ ಅಂಟಿತು.

"ಇದೇನಿದು?"

"ಹಾಲೆ ಮರ ಬುದ್ಧಿ," ಎಂದ ಸೈನಿಕ. "ಬಹಳ ಹಗುರ."

"ಎಷ್ಟು ವರ್ಷದಿಂದ?"

"ನಾನು ಸೇರಿದಾಗಿನಿಂದ. ತಾವು ಇಷ್ಟು ಹಿಂದಕ್ಕೆ ಬಂದಿರಲಿಲ್ಲ."

ಹದಿನಾಲ್ಕನೆಯದೂ ಮರ. ಹದಿನೈದನೆಯದೂ ಮರ. ನೂರರ ಹತ್ತಿರ ಪಾಳೆಯಗಾರ ಕುಂಕುಮ ಹಚ್ಚುವುದನ್ನು ನಿಲ್ಲಿಸಿದ. ಐನೂರರ ಹತ್ತಿರ ಸ್ವಲ್ಪ ಹೊತ್ತು ನೆಲದ ಮೇಲೆ ಕುಳಿತ. ಆ ಕಬ್ಬಿಣವೆಲ್ಲ ಎಲ್ಲಿ ಹೋಯಿತೆಂದು ಹುಡುಕುವ ಕಷ್ಟವೇನೂ ಇರಲಿಲ್ಲ. ಕೋಟೆಯಲ್ಲಿ ಅತಿ ಗಟ್ಟಿಯಾದ ಕಿಟಕಿ ಸರಳುಗಳಿದ್ದದ್ದು ರಾಚಪ್ಪನ ಮನೆಗೆ.

ಕೊನೆಗೆ ಪಾಳೆಯಗಾರ ಕೊಟ್ರಬಸನ ಮುಂದೆ ನಿಂತು, ಹೆದರುತ್ತಲೇ ಅವನ ಕತ್ತಿಯ ಮೇಲೆ ಬೆರಳಿಟ್ಟ. ಬೆರಳು ಕೊಯ್ದು ರಕ್ತ ಬಂತು. ಆ ದಿನ ಅವನಿಗಾದ ಸಂತೋಷ ಅದೊಂದೇ.

ನೀತಿ: ಸಾಲಿಗೆ ಸೇರದವನನ್ನು ಹೊರಹಾಕುವ ಮೊದಲು ಸಾಲಿನ ಹಿಂದಕ್ಕೆ ಹೋಗಿ ನೋಡಬೇಕು. ಎಲ್ಲವೂ ಸರಿಸಮವಾಗಿ ಕಾಣುತ್ತಿದ್ದರೆ ಇನ್ನೂ ಬೇಗ ಹೋಗಬೇಕು.