ಬಿಸಿಲಿಗೆ ಪಂಚೆ ಹಿಡಿದ ಚನ್ನಿಗ

ನೀವು ಹೂಂಗುಟ್ಟಿದರೆ ನಾನು ಹೇಳ್ತೀನಿ. ಹೂಂ ಅಂತೀರಾ? ಸರಿ.

ದ್ಯಾವಮ್ಮನ ಗಂಡ ಸಾಯುವಾಗ ಬಿಟ್ಟುಹೋದದ್ದು ಎರಡೇ. ಒಂದು ಕ್ಯಾಮೆರಾ, ಒಬ್ಬ ಮಗ. ಕ್ಯಾಮೆರಾಕ್ಕಾದರೂ ಒಂಚೂರು ಬುದ್ಧಿ ಇತ್ತು. ಮಗ ಚನ್ನಿಗನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಫೋಟೊ ತೆಗೆದೇ ಹೊಟ್ಟೆ ಹೊರೆಯಬೇಕು. ಗೌಡರು ಬೇರೆ ಹೇಳಿದ್ದರು, "ನನ್ನ ಮಗನ ಮದುವೆ ಫೋಟೊ ಚೆಂದಾಗಿ ಬಂದ್ರೆ ಊರಿನ ಮದುವೆಯೆಲ್ಲ ನಿಂಗೇ ಕಣಮ್ಮ. ಇಲ್ದಿದ್ರೆ ಪೇಟೆಯೋನ್ನ ಕರೀತೀವಿ."

ದ್ಯಾವಮ್ಮ ರಟ್ಟಿಗೆ ಹೊಳೆಯುವ ಬೇಗಡೆ ಅಂಟಿಸಿ ಚನ್ನಿಗನ ಕೈಗೆ ಕೊಟ್ಟಳು. ಫೋಟೊ ತೆಗೆಯಲು ಮೇಷ್ಟ್ರನ್ನು ಅಂಗಳದಲ್ಲಿ ಕೂರಿಸಿದಳು.

"ಮೇಷ್ಟ್ರ ಮುಖ ಕಪ್ಪಗೆ ಕಾಣ್ತದೆ. ಇದ್ರಲ್ಲಿ ಬಿಸಿಲು ಹಿಡ್ದು ಮುಖಕ್ಕೆ ಬಿಡು ಕಣ್ಲಾ!"

"ಹೂಂ ಕಣವ್ವಾ!"

ಬಿಟ್ಟ. ನೆಟ್ಟಗೆ ಕಣ್ಣಿಗೇ ಬಿಟ್ಟ. ಮೇಷ್ಟ್ರು "ಅಯ್ಯೋ!" ಅಂತ ಕಣ್ಣು ಮುಚ್ಚಿದರು, ಫೋಟೊದಲ್ಲೂ ಮುಚ್ಚಿಕೊಂಡೇ ಉಳಿದರು.

"ಬಡ್ಡೆತ್ತದೆ! ಬಿಸಿಲು ಮೆತ್ತಗಾಗ್ಬೇಕು ಕಣ್ಲಾ. ಬಿದಿರ ಚೌಕಟ್ಟಿಗೆ ಬಿಳೀ ಪಂಚೆ ಕಟ್ಟಿ ಬಿಸಿಲಿಗೆ ಅಡ್ಡ ಹಿಡಿ!"

"ಹೂಂ ಕಣವ್ವಾ!"

ಮರುದಿನ ಪಟೇಲರ ಮೊಮ್ಮಗು. ಸೂರ್ಯ ದ್ಯಾವಮ್ಮನ ಬೆನ್ನಿಗಿದ್ದ. ಚನ್ನಿಗ ಬಿಸಿಲಿಗೆ ಅಡ್ಡ ಹಿಡಿದ, ಅವ್ವನಿಗೂ ಮಗುವಿಗೂ ನಡುವೆ! ಫೋಟೊದಲ್ಲಿ ಬರೀ ಪಂಚೆ.

"ನನ್ಗೆ ಅಡ್ಡ ಬರ್ಬೇಡ! ತಲೆ ಮೇಲೆ ಹಿಡಿ!"

"ಹೂಂ ಕಣವ್ವಾ!"

ಆಮೇಲೆ ಬಳೆಗಾರ್ತಿ ನಂಜಮ್ಮ. ಚನ್ನಿಗ ತಲೆ ಮೇಲೇ ಹಿಡಿದ. ತನ್ನ ತಲೆ ಮೇಲೆ! ತಾನು ತಂಪಾಗಿ ನಿಂತ, ನಂಜಮ್ಮ ಬಿಸಿಲಲ್ಲಿ ಬೆಂದಳು. ಅಷ್ಟರಲ್ಲಿ ಗಾಳಿ ಬೀಸಿ ಚೌಕಟ್ಟು ಹಾರಿ ಬೇಲಿಗೆ ಬಿತ್ತು.

"ಯಾರ ಫೋಟೊನೋ ಅವ್ರ ತಲೆ ಮೇಲೆ ಹಿಡೀಬೇಕು ಕಣ್ಲಾ! ಗಾಳೀಲಿ ಪಂಚೆ ಪಟಪಟ ಅಂದ್ರೆ ಮರಳಿನ ಚೀಲ ಕಟ್ಬೇಕು!"

"ಹೂಂ ಕಣವ್ವಾ!"

ಮದುವೆ ಬಂತು. ನಡು ಮಧ್ಯಾಹ್ನ ಗಂಡುಹೆಣ್ಣನ್ನು ಚಪ್ಪರದಾಚೆ ನಿಲ್ಲಿಸಿ ಪುರೋಹಿತರು ಅರುಂಧತಿ ನಕ್ಷತ್ರ ತೋರಿಸಿದರು. ಹಗಲಲ್ಲಿ ಯಾರಿಗೆ ಕಾಣುತ್ತೆ! ಆದರೂ ಎಲ್ಲರೂ ಕತ್ತೆತ್ತಿದರು. ಗಾಳಿ ಬೀಸಿತು. ಮದುಮಗನ ಪಂಚೆ ಪಟಪಟ ಅಂತು.

ಚನ್ನಿಗ ಚೌಕಟ್ಟು ಬಿಟ್ಟ, ಮದುಮಗನ ಪಂಚೆಗೆ ಮರಳಿನ ಚೀಲ ಕಟ್ಟಿದ. ಚೌಕಟ್ಟು ಹಾರಿಹೋಯಿತು.

"ನಕ್ಷತ್ರ ಕಾಣಿಸಿತೇ?" ಅಂದರು ಪುರೋಹಿತರು.

"ಹ್ಞೂಂ," ಅಂತ ಮದುಮಗ ಒಂದು ಹೆಜ್ಜೆ ಮುಂದಿಟ್ಟ. ಪಂಚೆ ಹಿಂದೆಯೇ ಉಳಿಯಿತು! ಚನ್ನಿಗ ಅದನ್ನೇ ಬಿಚ್ಚಿಕೊಂಡು ಗಂಡುಹೆಣ್ಣಿನ ತಲೆ ಮೇಲೆ ಎತ್ತಿ ಹಿಡಿದ.

"ಅವ್ವಾ! ಬಿಸಿಲು ಮೆತ್ತಗಾಯ್ತು, ತೆಗಿ!"

ದ್ಯಾವಮ್ಮ ತೆಗೆದೇಬಿಟ್ಟಳು. ಏನು ಫೋಟೊ ಅಂತೀರಿ! ಇಬ್ಬರ ಮುಖದ ಮೇಲೂ ಬೆಳಕು ಬೆಣ್ಣೆ ಸವರಿದಂಗಿತ್ತು. ಮದುಮಗಳು ಮನಸಾರೆ ನಗುತ್ತಿದ್ದಳು. ಕೆಳಗೆ ಮಾತ್ರ ಮದುಮಗನ ಪಟ್ಟಾಪಟ್ಟಿ ಚಡ್ಡಿ.

ಸಿಟ್ಟಾಗಿದ್ದ ಗೌಡರೂ ಫೋಟೊ ನೋಡಿ ಮೆತ್ತಗಾದರು. "ಮುಖ ಎಷ್ಟು ಚೆಂದ ಬಂದದೆ! ಸೊಂಟದಿಂದ ಕೆಳಕ್ಕೆ ಕತ್ತರಿಸಿ ಕಟ್ಟು ಹಾಕಿಸಮ್ಮ. ಊರಿನ ಮದುವೆಯೆಲ್ಲ ಇನ್ನು ನಿಂಗೇ!"

ದ್ಯಾವಮ್ಮನ ಕಣ್ಣಲ್ಲಿ ನೀರು ಬಂತು. ಆ ಖುಷಿಯಲ್ಲಿ ಅವಳು ಫೋಟೊ ಕೊಟ್ಟದ್ದು ಯಾರ ಕೈಗೆ? ಚನ್ನಿಗನ ಕೈಗೆ!

"ಕೇಳಿಸ್ಕೊಂಡ್ಯೇನ್ಲಾ? ಅವ್ರು ಹೇಳ್ದಂಗೇ ಮಾಡ್ಸು!"

"ಹೂಂ ಕಣವ್ವಾ!"

ಬೀಗರೆಲ್ಲ ಕೂತಿದ್ದ ಪಡಸಾಲೆಯಲ್ಲಿ ಗೌಡರು ಫೋಟೊಗೆ ಹೊದಿಸಿದ್ದ ಬಟ್ಟೆ ಸರಿಸಿದರು. ಗಾಜಿನ ಕಟ್ಟಿನೊಳಗೆ ನಾಲ್ಕು ಪಾದ, ಒಂದು ಸೀರೆ ನೆರಿಗೆ, ಒಂದು ಪಟ್ಟಾಪಟ್ಟಿ ಚಡ್ಡಿ.

"ಮುಖ ಎಲ್ಲೋ!" ಅಂತ ದ್ಯಾವಮ್ಮ ತಲೆ ಚಚ್ಚಿಕೊಂಡಳು.

"ಕತ್ತರಿಸಿ ಕಟ್ಟು ಹಾಕ್ಸು ಅಂದ್ರು. ಕತ್ತರಿಸಿದ್ದಕ್ಕೆ ಹಾಕ್ಸಿದೀನಿ ಕಣವ್ವಾ," ಅಂದ ಚನ್ನಿಗ. "ಮಿಕ್ಕಿದ್ದು ಒಲೆಗೆ ಹಾಕ್ದೆ."