ಉಪವಾಸದ ಗಾಡಿ

"ಬಂದರುಪಟ್ಟಣದ ಒಡೆಯರಾದ ಅವಸರರಾಯ ಮಹಾರಾಜರ ಅಪ್ಪಣೆ ಏನೆಂದರೆ, ನಾಡಿಗೆ ಕವಿದಿರುವ ಹೊಗೆಯ ಗುಟ್ಟು ಮೂರು ಒಗಟುಗಳಲ್ಲಿ ಅಡಗಿದೆ. ಮೂರನ್ನೂ ಬಿಡಿಸಿದವನಿಗೆ ಬೇಡಿದ್ದನ್ನು ಕೊಡಲಾಗುವುದು. ಒಂದು ತಪ್ಪಿದರೂ ತಲೆ ಹೋಗುವುದು. ರುಂಡವನ್ನು ಒಂದು ಲಾರಿಯಲ್ಲಿ, ಮುಂಡವನ್ನು ಇನ್ನೊಂದು ಲಾರಿಯಲ್ಲಿ ಮನೆಗೆ ಮುಟ್ಟಿಸಲಾಗುವುದು. ತಡವಾಗದು."

ಡಂಗುರದವನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಏಳು ಸಲ ಕೆಮ್ಮಿದ.

ಆ ಪಟ್ಟಣದ ಹೊಗೆ ಸಾಮಾನ್ಯದ್ದಲ್ಲ. ಒಗೆದು ಹರವಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕರಿ ಕಂಬಳಿಯಾಗುತ್ತಿತ್ತು. ಅರಮನೆಯ ಬಿಳಿಯಾನೆ ಕಪ್ಪಾಗಿ, ಆನೆ ಬದಲಾಯಿಸಿದನೆಂದು ಮಾವುತನನ್ನು ಮೂರು ಸಲ ಸೆರೆಗೆ ಹಾಕಿದ್ದರು. ಮಹಾರಾಜರಿಗೆ ಲಾರಿಗಳು ಎಷ್ಟೆಂದರೆ, ಮೊದಲನೆಯದು ಘಟ್ಟ ಹತ್ತಿ ಇಳಿದು ವಾಪಸಾದಾಗ ಕೊನೆಯದು ಇನ್ನೂ ಬಂದರಿನ ಗೇಟು ದಾಟಿರುತ್ತಿರಲಿಲ್ಲ. ಹಡಗುಗಳ ಲೆಕ್ಕ ಕೇಳಲೇಬೇಡಿ, ಮೀನಿಗೆ ತಲೆಯೆತ್ತಲು ಜಾಗವಿರಲಿಲ್ಲ. ಆ ದಾರಿಯಲ್ಲಿ ಬಂದ ಮುನಿಯೊಬ್ಬ ಮೂರು ಒಗಟುಗಳನ್ನೂ ಅವುಗಳ ಉತ್ತರದ ಓಲೆಯನ್ನೂ ಮೊಹರು ಮಾಡಿ ಕೊಟ್ಟು, ಮೂಗು ಮುಚ್ಚಿಕೊಂಡು ಹೊರಟುಹೋಗಿದ್ದ.

ಬಂದರಿನಲ್ಲಿ ಮೂಟೆ ಹೊರುವ ಹಮಾಲಿ ದೂಮಪ್ಪ ಡಂಗುರ ಕೇಳಿ ಮನೆಗೆ ಬಂದ. ಹೆಂಡತಿ ಅಕ್ಕು ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಪಂಡಿತರು ನಾಡಿ ನೋಡಿ, "ಇವಳಿಗೆ ಬೇಕಾದ್ದು ಗಾಳಿ ಮಾರಾಯ. ಅದು ನನ್ನ ಅಂಗಡಿಯಲ್ಲಿಲ್ಲ. ಮಳೆಗಾಲದ ತನಕ ಉಳಿದರೆ ದೊಡ್ಡದು," ಎಂದು ಹೇಳಿಹೋಗಿದ್ದರು.

"ನಾನು ಅರಮನೆಗೆ ಹೋಗಿಬರ್ತೇನೆ," ಎಂದ ದೂಮಪ್ಪ.

"ತಲೆ ಒಂದು ಲಾರಿಯಲ್ಲಿ ಬಂದರೆ, ಮುಂಡ ಬರುವ ತನಕ ನಾನು ಬಾಗಿಲಲ್ಲೇ ಕಾಯ್ಬೇಕಾ?"

"ಎರಡನ್ನೂ ಒಂದರಲ್ಲೇ ಹಾಕಿ ಅಂತ ಹೇಳ್ತೇನೆ. ಜಾಗ ಉಂಟಲ್ಲ."

ಅಕ್ಕು ನಗಲು ಹೋದಳು. ನಗು ಕೆಮ್ಮಾಯಿತು.

ಅರಮನೆಯಂಗಳದಲ್ಲಿ ದೂಮಪ್ಪನಿಗಿಂತ ಮುಂದೆ ಮೂವರಿದ್ದರು. ಯಾರಿಗೆ ಯಾವ ಒಗಟು ಮೊದಲು ಎಂಬುದು ಮಹಾರಾಜರ ಮರ್ಜಿ. ಸೇನಾಪತಿಯ ಮಗ ಮೀಸೆ ತಿರುವಿ ನಿಂತ.

"ಉಪವಾಸ ಇರುತ್ತದೆ, ಕುಡಿಯುವುದನ್ನು ಮಾತ್ರ ಬಿಡುವುದಿಲ್ಲ. ಯಾವುದದು?" ಎಂದು ಕೇಳಿದರು ಮಹಾರಾಜರು.

"ನಮ್ಮ ಭಾವ," ಎಂದ ಅವನು ಯೋಚಿಸದೆ.

ಓಲೆ ಬಿಡಿಸಿ ನೋಡುವಷ್ಟೂ ಕಾಯದೆ ಮಹಾರಾಜರು ಕೈ ಬೀಸಿದರು. ಎರಡು ಲಾರಿ ಹೊರಟವು. ಆಸ್ಥಾನದ ಕವಿ ಮುಂದೆ ಬಂದ.

"ತೂಕವಿಲ್ಲ, ಬೆಲೆಯಿಲ್ಲ, ಆದರೂ ಪ್ರತಿ ಪೆಟ್ಟಿಗೆಯಲ್ಲೂ ಅದೇ ಹೆಚ್ಚು. ಏನದು?"

"ಪ್ರೇಮ, ಪ್ರಭೂ," ಎಂದು ಕಣ್ಣು ಮುಚ್ಚಿದ ಕವಿ. ಮತ್ತೆ ತೆರೆಯಲಿಲ್ಲ. ಇನ್ನೆರಡು ಲಾರಿ.

ಮೂರನೆಯವನು ಜವಳಿ ವ್ಯಾಪಾರಿ. "ಏದುಸಿರು ಬಿಟ್ಟು ಓಡಿ ಬರುತ್ತದೆ, ಬಂದು ಬಾಗಿಲಲ್ಲಿ ಒಂಬತ್ತು ದಿನ ನಿಲ್ಲುತ್ತದೆ. ಹೇಳು."

"ಹೆಣ್ಣು ನೋಡಲು ಬಂದ ಗಂಡು?"

ಅವನೂ ಎರಡು ಲಾರಿ ಹತ್ತಿದ.

"ಮುಂದಿನವನ ಹೆಸರು?"

"ದೂಮಪ್ಪ, ಸ್ವಾಮಿ."

"ಹೆಸರಲ್ಲೇ ಹೊಗೆ ಇದೆ, ಒಡೆಯರೇ," ಎಂದ ಮಂತ್ರಿ, "ಇವನನ್ನೇ ಹಿಡಿದು ಕೇಸು ಮುಗಿಸೋಣವೇ?"

ಮಹಾರಾಜರು ಸೇನಾಪತಿಯ ಮಗನಿಗೆ ಹಾಕಿದ ಒಗಟನ್ನೇ ಮೊದಲು ಹೇಳಿದರು. ದೂಮಪ್ಪನ ತಲೆಯೊಳಗೆ ಅಕ್ಕುವಿನ ಕೆಮ್ಮು ಮಾತ್ರ ಕೇಳುತ್ತಿತ್ತು. ಅಷ್ಟರಲ್ಲಿ ಸೇನಾಪತಿಯ ಮಗನನ್ನು ಇಳಿಸಿದ ಲಾರಿಯೊಂದು ಗಡಗಡ ಎಂದು ಅಂಗಳಕ್ಕೆ ವಾಪಸು ಬಂತು. ಹೇರಿಲ್ಲದ ಲಾರಿ ಗೇಟಿಗೆ ಬಂದರೆ ಕೂಗಿ ತಿಳಿಸುವುದು ಬಂದರಿನ ಹಮಾಲಿಗಳ ರೂಢಿ. ದೂಮಪ್ಪನ ಬಾಯಿ ಅವನನ್ನು ಕೇಳದೆ ಕೂಗಿಬಿಟ್ಟಿತು: "ಉಪವಾಸದ ಗಾಡಿ ಬಂತೋ."

"ಏನಂದೆ?" ಮಹಾರಾಜರು ಎದ್ದು ನಿಂತರು.

ದೂಮಪ್ಪನಿಗೆ ಆಗ ಹೊಳೆಯಿತು. "ಖಾಲಿ ಲಾರಿಗೆ ನಾವು ಹಾಗೇ ಹೇಳೋದು ಸ್ವಾಮಿ. ಹೊಟ್ಟೆಗೆ ಏನೂ ಇಲ್ಲ, ಡೀಸೆಲ್ ಕುಡಿಯೋದು ಬಿಟ್ಟಿಲ್ಲ. ನಿಮ್ಮ ಲಾರಿ ಹೇರು ಹೊತ್ತು ಹೋಗ್ತದೆ, ಬರಿದೇ ಬರ್ತದೆ. ಹೊಗೆ ಎರಡು ದಾರಿಗೂ ಉಂಟು."

ಮಂತ್ರಿ ಮುನಿಯ ಓಲೆ ಬಿಡಿಸಿ ಓದಿದ. ಮುಖ ಸಣ್ಣದಾಯಿತು. "ಸರಿ ಇದೆ."

"ಎರಡನೆಯದು?"

"ಅದು ನನ್ನ ಬೆನ್ನಿಗೆ ಗೊತ್ತು. ಮೊನ್ನೆ ಮಹಾರಾಣಿಯವರಿಗೆ ಅಂತ ಎಮ್ಮೆಯಷ್ಟು ದೊಡ್ಡ ಪೆಟ್ಟಿಗೆ ಬಂತು. ಎತ್ತಿದರೆ ಹೂವಿನಷ್ಟು ಹಗುರ. ಒಳಗೆ ಇದ್ದದ್ದು ಒಂದು ಮೂಗುಬೊಟ್ಟು. ಉಳಿದದ್ದು ಗಾಳಿ. ಉಸಿರಾಡಲಿಕ್ಕೆ ಸಿಗದ ಗಾಳಿಯನ್ನು ನಾವು ಪೆಟ್ಟಿಗೆಯಲ್ಲಿ ಕಟ್ಟಿ ಊರಿಂದೂರಿಗೆ ಹೊರ್ತೇವೆ, ಸ್ವಾಮಿ. ಮೂರನೆಯದು ನಿಮ್ಮ ಹಡಗು. ಬೇಗ ಬೇಗ ಅಂತ ಎಣ್ಣೆ ಸುಟ್ಟುಕೊಂಡು ಓಡಿ ಬರ್ತದೆ. ಹಡಗು ಕಟ್ಟುವ ದಕ್ಕೆಯಲ್ಲಿ ಜಾಗ ಇಲ್ಲ. ಹೊರಗೆ ಲಂಗರು ಹಾಕಿ ಒಂಬತ್ತು ದಿನ ಹೊಗೆ ಬಿಡ್ತಾ ನಿಲ್ತದೆ. ಮೆಲ್ಲ ಬಂದಿದ್ದರೂ ಒಳಗೆ ಬರೋದು ಅದೇ ದಿನ."

ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ. ಧೈರ್ಯವಿರಲಿಲ್ಲ. ಓಲೆಯಲ್ಲಿ ಇದ್ದದ್ದೂ ಅದೇ.

"ಗೆದ್ದೆ," ಎಂದರು ಮಹಾರಾಜರು ಕೊನೆಗೆ. "ಏನು ಬೇಕು?"

"ಹೋದ ಲಾರಿ ಹೇರು ಸಿಗುವ ತನಕ ಕಾದು, ತುಂಬಿಸಿಕೊಂಡು ಬರಲಿ. ಪೆಟ್ಟಿಗೆ ಸಾಮಾನಿನಷ್ಟೇ ಇರಲಿ. ಹಡಗು ಮೆಲ್ಲ ಬರಲಿ. ನನ್ನ ಹೆಂಡತಿಗೆ ಉಸಿರು ಬೇಕು."

"ಕಾಯುವುದೇ? ನಮ್ಮ ವಂಶದಲ್ಲಿ ಅದಿಲ್ಲಪ್ಪ. ನಾನು ಏಳು ತಿಂಗಳಿಗೇ ಹುಟ್ಟಿದವನು." ಮಹಾರಾಜರು ಮಂತ್ರಿಯ ಕಿವಿಯಲ್ಲಿ ಏನೋ ಕೇಳಿ ತಿರುಗಿದರು. "ಆದರೂ ಕೊಟ್ಟ ಮಾತು ಕೊಟ್ಟದ್ದೇ. ಎಷ್ಟು ದಿನ ಎಂದು ಡಂಗುರದಲ್ಲಿ ಹೇಳಿರಲಿಲ್ಲ. ನಾಳೆ ಒಂದು ದಿನ, ನೀನು ಹೇಳಿದಂತೆ."

ದೂಮಪ್ಪನ ಕೈಗೆ ಚಿನ್ನದ ಕಡಗ ತೊಡಿಸಿ, ಜರಿ ಶಾಲು ಹೊದೆಸಿ ಕಳಿಸಿದರು. ಅವನು ಎರಡನೇ ಮಾತಿಗೆ ಬಾಯಿ ತೆರೆದಾಗ ಬಾಗಿಲು ಮುಚ್ಚಿಯಾಗಿತ್ತು.

ಮರುದಿನ ಖಾಲಿ ಲಾರಿಗಳು ನಿಂತಲ್ಲೇ ನಿಂತವು. ಹೊರಗಿನ ಹಡಗುಗಳು ಎಂಜಿನ್ ಆರಿಸಿದವು. ಮಧ್ಯಾಹ್ನದ ಹೊತ್ತಿಗೆ ಊರ ಹಿಂದೆ ಒಂದು ಹಸಿರು ಗುಡ್ಡ ಎದ್ದು ನಿಂತಿತು. ಜನ ಹೆದರಿ ಒಳಗೆ ಓಡಿದರು, ಕೆಲವರು ಶತ್ರು ಬಂದನೆಂದು ದೊಣ್ಣೆ ಹಿಡಿದರು.

ದೂಮಪ್ಪ ಅಕ್ಕುವನ್ನು ಎತ್ತಿ ತಂದು ಜಗಲಿಯಲ್ಲಿ ಕೂರಿಸಿದ. ಅವಳು ಒಂದು ಸಲ ಉಸಿರು ಎಳೆದುಕೊಂಡಳು, ಕೆಮ್ಮು ಬರಲಿಲ್ಲ. ಇನ್ನೊಂದು ಸಲ ಎಳೆದುಕೊಂಡಳು.

"ಈ ಗುಡ್ಡ ಯಾವಾಗ ತಂದಿಟ್ಟರು?"

"ಮೊದಲಿಂದಲೂ ಇತ್ತಂತೆ."

"ನಾಳೆಯೂ ಇರ್ತದಾ?"

"ಇರ್ತದೆ," ಎಂದ ದೂಮಪ್ಪ. ಕಾಣುತ್ತದೆ ಎಂದು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಹೊತ್ತು ಇಳಿಯಿತು. ಬಂದರಿನ ಕಡೆ ಚಾಲಕನೊಬ್ಬ ನಾಳೆಗೆಂದು ಎಂಜಿನ್ ಶುರುಮಾಡಿ ನೋಡಿದ ಸದ್ದಾಯಿತು.

"ಒಳಗೆ ಹೋಗುವ, ಥಂಡಿಯಾಗ್ತದೆ."

"ನೀವು ಹೋಗಿ," ಎಂದಳು ಅಕ್ಕು, ಗುಡ್ಡದಿಂದ ಕಣ್ಣು ತೆಗೆಯದೆ. "ನನಗೆ ಇನ್ನೂ ಸ್ವಲ್ಪ ಕಾಣ್ತದೆ."