ದಿನಾ ಬರುವ ಒಬ್ಬರು

ಭಾನುವಾರವೂ ಕಚೇರಿಗೆ ಕರೆಸಿ ಪುರಸಭೆ ಅಧ್ಯಕ್ಷ ದೊಡ್ಡಬಸಪ್ಪನವರು ಗುಮಾಸ್ತೆ ನೀಲವ್ವನ ಮೇಲೆ ಗುಡುಗಿದರು: "ನಮ್ಮ ವೆಬ್‌ಸೈಟ್ ದಿನಾ ಸಾವಿರ ಮಂದಿ ನೋಡ್ತಾರಂತ ಬರದು ಕೊಡು. ಇಲ್ಲಂದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ."

ನೀಲವ್ವ ಕಂಪ್ಯೂಟರಿನಲ್ಲಿ ಬಂದುಹೋದವರ ವರದಿ ತೆಗೆದಳು. "ದಿನಾ ಬರೂದು ಒಬ್ಬರೇ ರೀ. ನಿಮ್ಮ ಫೋಟೋ ಒಂದನ್ನ ಅರ್ಧ ತಾಸು ನೋಡ್ತಾರ."

ಅಧ್ಯಕ್ಷರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಎಲ್ಲಿಂದ?"

ಅವಳು ದನಿ ತಗ್ಗಿಸಿದಳು. "ನಮ್ಮ ಆಫೀಸಿನ ವೈಫೈದಿಂದನ ರೀ. ಈಗೂ ನೋಡಾಕತ್ತಾರ."

ಇಡೀ ಕಟ್ಟಡದಲ್ಲಿ ಅವರಿಬ್ಬರನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಬಾಗಿಲ ಪರದೆ ತಾನಾಗಿ ಅಲುಗಿತು. ಬೆವೆತ ಅಧ್ಯಕ್ಷರ ಕಣ್ಣು ಕೈಯಲ್ಲಿದ್ದ ಮೊಬೈಲಿಗೆ ಹೋಯಿತು. ಅದರಲ್ಲಿ ಪುರಸಭೆ ವೆಬ್‌ಸೈಟ್ ತೆರೆದಿತ್ತು, ಅವರದೇ ಫೋಟೋ ನಗುತ್ತಿತ್ತು. ಮೆಲ್ಲಗೆ ಅದನ್ನು ಮುಚ್ಚಿದರು.

ನೀಲವ್ವ ಕಂಪ್ಯೂಟರ್ ನೋಡಿದಳು. "ಹೋದ್ರು ಸಾಹೇಬ್ರ. ಈಗ ಯಾರೂ ಇಲ್ಲ. ಬರದು ಕೊಡ್ಲೇನ್ರಿ?"